‘ಈಜಲು ತೆರಳಿದ್ದ’ ಯುವಕನಿಗೆ ಈಜು ಬರುತ್ತಿರಲಿಲ್ಲ

ಕರಾವಳಿಯಲ್ಲಿ ಪತ್ರಿಕೆ ಓದುವವರಿಗೆ ಈ ಶೀರ್ಷಿಕೆ ಬಾಯಿಪಾಠವಾಗಿ ಹೋಗಿದೆ: ‘ಈಜಲು ತೆರಳಿದ್ದ ವಿದ್ಯಾರ್ಥಿ ನೀರುಪಾಲು’. ಬದಲಾಗುವುದು ಊರಿನ ಹೆಸರು ಮಾತ್ರ. ಒಮ್ಮೆ ಸೋಮೇಶ್ವರ, ಒಮ್ಮೆ ಸುರತ್ಕಲ್, ಇನ್ನೊಮ್ಮೆ ಮಲ್ಪೆ, ಮತ್ತೊಮ್ಮೆ ಒಳನಾಡಿನ ಯಾವುದೋ ಕಲ್ಲುಕೋರೆ. ಸುದ್ದಿಯನ್ನು ಕೊನೆಯವರೆಗೆ ಓದಿದರೆ ಅನೇಕ ಸಲ ಇನ್ನೊಂದು ಸಾಲು ಸಿಗುತ್ತದೆ: ‘ಮೃತನಿಗೆ ಈಜು ಬರುತ್ತಿರಲಿಲ್ಲ ಎಂದು ತಿಳಿದುಬಂದಿದೆ’. ಹಾಗಾದರೆ ಆ ಹುಡುಗ ಹೋದದ್ದು ಈಜಲಿಕ್ಕೆ ಹೇಗಾಯಿತು? ಅವನು ಹೋದದ್ದು ಸ್ನಾನಕ್ಕೆ, ಆಟಕ್ಕೆ, ಗೆಳೆಯರ ಜೊತೆ ಒಂದು ಫೋಟೊಕ್ಕೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದವನ ಕಾಲಡಿಯ ನೆಲ ಹೋಯಿತು, ಅಷ್ಟೆ.

ಸುದ್ದಿಮನೆಯವರನ್ನು ದೂರಿ ಪ್ರಯೋಜನವಿಲ್ಲ, ಶೀರ್ಷಿಕೆಗೆ ಇರುವ ಜಾಗವೇ ಅಷ್ಟು. ಆದರೆ ಆ ಎರಡು ಪದಗಳು ಮನೆಮನೆಯಲ್ಲಿ ಮಾಡುವ ಕೆಲಸವನ್ನು ನೋಡಿ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಿದ ತಾಯಿ ಮಗನಿಗೆ ಹೇಳುತ್ತಾಳೆ: ‘ನೋಡು, ಈಜಲು ಹೋದವನ ಗತಿ. ನೀನು ನೀರಿನ ಹತ್ತಿರ ಸುಳಿದರೆ ಜಾಗ್ರತೆ.’ ಈಜು ಬಾರದ್ದರಿಂದ ಆದ ಸಾವು ಈಜಿನಿಂದ ಆದ ಸಾವಾಗಿ ಆ ಮನೆಯ ಲೆಕ್ಕದಲ್ಲಿ ದಾಖಲಾಗುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರದ ಅರ್ಜಿ ಬಂದಾಗ ಆ ತಾಯಿ ಚಿತ್ರಕಲೆಗೋ ಕೀಬೋರ್ಡಿಗೋ ಗುರುತು ಹಾಕುತ್ತಾಳೆ. ಹತ್ತು ವರ್ಷ ಕಳೆದು ಅದೇ ಹುಡುಗ ಕಾಲೇಜಿನ ಗೆಳೆಯರೊಂದಿಗೆ ಕಡಲಿಗೆ ಹೋಗುವುದನ್ನು ಅವಳು ತಡೆಯಲಾರಳು.

2024ರ ನವೆಂಬರ್ 17ರಂದು ಉಳ್ಳಾಲ ಸಮೀಪದ ಸೋಮೇಶ್ವರದ ಒಂದು ರೆಸಾರ್ಟ್‌ನಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ಯುವತಿಯರು ತೀರಿಕೊಂಡರು. ಕಡಲು ಕೂಗಳತೆಯಲ್ಲೇ ಇದ್ದರೂ ಅವರು ಮುಳುಗಿದ್ದು ಈಜುಕೊಳದಲ್ಲಿ. ಕೊಳದ ಒಂದು ತುದಿಯಲ್ಲಿ ಆಳ ಸುಮಾರು ಆರಡಿ. ಒಬ್ಬಳು ಆಳದ ಕಡೆಗೆ ಜಾರಿದಳು, ಅವಳನ್ನು ಎಳೆಯಲು ಎರಡನೆಯವಳು ಹೋದಳು, ಇಬ್ಬರಿಗಾಗಿ ಮೂರನೆಯವಳು. ಮೂವರಿಗೂ ಈಜು ಬರುತ್ತಿರಲಿಲ್ಲ. ಅಲ್ಲಿ ಅಲೆಯಿರಲಿಲ್ಲ, ಸುಳಿಯಿರಲಿಲ್ಲ, ಮಳೆಗಾಲವೂ ಅಲ್ಲ. ಸಮುದ್ರ ರಾಕ್ಷಸ, ಹೊಳೆ ಬಲಿ ಕೇಳುತ್ತದೆ ಎಂದೆಲ್ಲ ಹೇಳಿಕೊಂಡು ಸಮಾಧಾನಪಟ್ಟುಕೊಳ್ಳುವ ನಮಗೆ ಆ ಕೊಳದ ಕ್ಯಾಮೆರಾ ದೃಶ್ಯ ಯಾವ ನೆಪವನ್ನೂ ಉಳಿಸಲಿಲ್ಲ.

ಕರಾವಳಿಯವರಿಗೆ ಈಜು ಹುಟ್ಟಿನಿಂದಲೇ ಬರುತ್ತದೆ ಎಂದು ಘಟ್ಟದ ಮೇಲಿನವರು ನಂಬಿದ್ದಾರೆ. ನಾವೂ ಹಾಗೆಯೇ ನಂಬಿಕೊಂಡಿದ್ದೇವೆ. ಒಂದು ತಲೆಮಾರಿನ ಹಿಂದೆ ಅದರಲ್ಲಿ ಸ್ವಲ್ಪ ನಿಜವಿತ್ತು. ಆಗ ಈಜು ಕಲಿಸುತ್ತಿದ್ದದ್ದು ತೋಟದ ಕೆರೆ. ಚೆನ್ನಾಗಿ ಒಣಗಿದ ಎರಡು ತೆಂಗಿನಕಾಯಿಗಳ ಸಿಪ್ಪೆ ಎಬ್ಬಿಸಿ ಒಂದಕ್ಕೊಂದು ಗಂಟು ಹಾಕಿ ಎದೆಯ ಕೆಳಗೆ ಕೊಡುತ್ತಿದ್ದರು. ಇಲ್ಲವಾದರೆ ಗೊನೆ ಕಡಿದ ಬಾಳೆಯ ದಿಂಡು. ನನಗೆ ಕಲಿಸಿದ್ದು ಸೋದರಮಾವ. ನಾಲ್ಕು ದಿನ ಕಾಯಿಯ ಮೇಲೆ ತೇಲಿಸಿ, ಐದನೆಯ ದಿನ ನಾನು ಮಾತಿನಲ್ಲಿ ಮೈಮರೆತಿದ್ದಾಗ ಕಾಯಿ ಎಳೆದುಕೊಂಡರು. ಒಂದಿಷ್ಟು ಕೆಸರುನೀರು ಹೊಟ್ಟೆಗೆ ಹೋಯಿತು, ಈಜೂ ಬಂತು. ಈ ಬೋಧನಾ ಪದ್ಧತಿಯನ್ನು ಇವತ್ತು ಯಾರಿಗೂ ನಾನು ಶಿಫಾರಸು ಮಾಡುವುದಿಲ್ಲ. ಅದೇ ಪದ್ಧತಿಯಲ್ಲಿ ಹೆದರಿ ಮತ್ತೆಂದೂ ನೀರಿಗೆ ಇಳಿಯದ ಸೋದರ ಸಂಬಂಧಿ ಒಬ್ಬ ನನಗಿದ್ದಾನೆ.

ಕೆರೆ ಇದ್ದದ್ದು ಅಡಿಕೆ ತೋಟಕ್ಕೆ ನೀರು ಹಾಯಿಸಲು. ಕೊಳವೆಬಾವಿ ಬಂದ ಮೇಲೆ ಕೆಲವು ಕೆರೆಗಳಲ್ಲಿ ಹೂಳು ತುಂಬಿತು, ಕೆಲವು ಕೆರೆಗಳ ಮೇಲೆ ಮನೆ ಎದ್ದಿತು. ಬೇಸಿಗೆಯಲ್ಲಿ ಮಕ್ಕಳು ಬಿದ್ದುಕೊಂಡಿರುತ್ತಿದ್ದ ತೋಡಿಗೆ ಪೇಟೆಯ ಕೊಳಚೆ ಸೇರಿತು. ಹೊಳೆಯಲ್ಲಿ ಮರಳು ತೆಗೆದು ತೆಗೆದು ನಿನ್ನೆ ಮೊಣಕಾಲಿನಷ್ಟಿದ್ದ ಜಾಗ ಇವತ್ತು ಎರಡಾಳು ಗುಂಡಿಯಾಗಿದೆ. ಅಲ್ಲಿಗೆ ಮಗುವನ್ನು ಕಳಿಸಲು ಯಾವ ಅಜ್ಜನಿಗೂ ಧೈರ್ಯವಿಲ್ಲ. ಇನ್ನು ಕಲಿಸಬೇಕಾದ ಮಾವ ಮುಂಬಯಿಗೋ ದುಬೈಗೋ ಹೋಗಿದ್ದಾನೆ, ಕಲಿಯಬೇಕಾದವನಿಗೆ ಸಂಜೆ ಟ್ಯೂಷನ್ ಇದೆ. ಹೀಗೆ ಒಂದು ವಿದ್ಯೆ ಯಾರ ಗಮನಕ್ಕೂ ಬಾರದೆ ಮನೆಯಿಂದ ಹೊರಟುಹೋಯಿತು. ಇದೇ ಕಾಲದಲ್ಲಿ ನೀರಿನ ಬಳಿಗೆ ಹೋಗುವವರ ಸಂಖ್ಯೆ ಮಾತ್ರ ಏರಿತು: ಹೋಂ ಸ್ಟೇ, ರೆಸಾರ್ಟ್, ವಾರಾಂತ್ಯದ ಬೈಕ್ ಪ್ರವಾಸ, ಜಲಪಾತದ ಕೆಳಗಿನ ರೀಲ್ಸ್. ತಮಾಷೆಯೆಂದರೆ, ಕಂಬಳದ ಕೋಣಗಳಿಗೆ ಇಂದಿಗೂ ಈಜಿನ ಅಭ್ಯಾಸ ತಪ್ಪುವುದಿಲ್ಲ; ಅವುಗಳಿಗಾಗಿಯೇ ಕೊಳ ಕಟ್ಟಿಸಿದ ಯಜಮಾನರಿದ್ದಾರೆ. ಹುಟ್ಟಿನಿಂದ ಈಜು ಬಲ್ಲ ಪ್ರಾಣಿಗೆ ತರಬೇತಿ ಇದೆ, ಕಲಿಯದೆ ಬಾರದ ಪ್ರಾಣಿಗೆ ಇಲ್ಲ.

ಇದು ಕರಾವಳಿಗೆ ಸೀಮಿತವಾದ ಸಂಕಟವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆಕಸ್ಮಿಕವಾಗಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಅಂದರೆ ದಿನಕ್ಕೆ ನೂರಕ್ಕಿಂತ ಹೆಚ್ಚು ಮಂದಿ. ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಹೊರತಂದ ವರದಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು ಮೂರು ಲಕ್ಷ ಜನ ಮುಳುಗಿ ಸತ್ತರೆಂದು ಅಂದಾಜಿಸಿದೆ; ಅವರಲ್ಲಿ ನಾಲ್ಕರಲ್ಲೊಂದು ಪಾಲು ಐದು ವರ್ಷದೊಳಗಿನ ಮಕ್ಕಳು. 2000ರಿಂದ ಈಚೆಗೆ ಜಾಗತಿಕ ಸಾವಿನ ಪ್ರಮಾಣ ಶೇ 38ರಷ್ಟು ಇಳಿದಿದೆ ಎಂಬುದೂ ಅದೇ ವರದಿಯಲ್ಲಿದೆ. ಎಂದರೆ ಇದು ಹಣೆಬರಹವಲ್ಲ, ಇಳಿಸಲು ಆಗುವ ಸಂಖ್ಯೆ.

ಮುಳುಗುವಾಗ ನಿಜವಾಗಿ ಏನಾಗುತ್ತದೆ ಎಂಬುದನ್ನು ತಿಳಿದರೆ ಈಜಿನ ಮೊದಲ ಲಾಭ ಯಾವುದು ಎಂಬುದೂ ತಿಳಿಯುತ್ತದೆ. ಸಿನಿಮಾದಲ್ಲಿ ಮುಳುಗುವವರು ‘ಕಾಪಾಡಿ’ ಎಂದು ಕೂಗಿ ಕೈ ಬೀಸುತ್ತಾರೆ. ನಿಜದಲ್ಲಿ ಮುಳುಗುವವರು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಬಾಯಿ ನೀರಿನಿಂದ ಮೇಲೆ ಬರುವ ಅರೆಕ್ಷಣ ಉಸಿರು ಎಳೆದುಕೊಳ್ಳಲಿಕ್ಕೇ ಸಾಲದು, ಇನ್ನು ಕೂಗುವುದೆಲ್ಲಿ? ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಲು ಬಿಡುವಿರುವುದಿಲ್ಲ. ಇಪ್ಪತ್ತು ಸೆಕೆಂಡಿನಿಂದ ಒಂದು ನಿಮಿಷದೊಳಗೆ ತಲೆ ಒಳಗೆ ಹೋಗುತ್ತದೆ. ಆದ್ದರಿಂದಲೇ ಹತ್ತು ಮಾರು ದೂರದಲ್ಲಿ ಚುರುಮುರಿ ತಿನ್ನುತ್ತಾ ಕುಳಿತ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಮನುಷ್ಯನ ಮೈಯ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಶ್ವಾಸಕೋಶದಲ್ಲಿ ಗಾಳಿ ತುಂಬಿದ್ದರೆ ಹೆಚ್ಚಿನವರು ತೇಲುತ್ತಾರೆ. ಆದರೆ ತೀರಾ ಸಣ್ಣ ಅಂತರದಲ್ಲಿ. ಮೈಯ ಒಂದು ಸಣ್ಣ ಪಾಲಿಗೆ ಮಾತ್ರ ನೀರಿನ ಹೊರಗೆ ಇರಲು ಅವಕಾಶ. ಆ ಪಾಲು ಮೂಗು ಮತ್ತು ಬಾಯಿ ಆಗಿರಬೇಕು ಎಂಬುದಷ್ಟೇ ಇಡೀ ಆಟದ ನಿಯಮ. ಒಂದು ತೋಳಿನ ತೂಕ ದೇಹದ ತೂಕದ ಸುಮಾರು ಇಪ್ಪತ್ತನೆಯ ಒಂದು ಭಾಗ. ಗಾಬರಿಯಲ್ಲಿ ಎರಡೂ ಕೈಗಳನ್ನು ಮೇಲೆತ್ತಿದವನು ಅಷ್ಟೂ ಭಾರವನ್ನು ತನ್ನ ತಲೆಯ ಮೇಲೆ ತಾನೇ ಹೇರಿಕೊಳ್ಳುತ್ತಾನೆ. ಕೂಗಿದವನು ಎದೆಯ ಗಾಳಿಯನ್ನೂ ಬಿಡುತ್ತಾನೆ. ನೆಲದ ಮೇಲೆ ಬದುಕುಳಿಯಲು ನೆರವಾಗುವ ಕೂಗು, ಏರು, ಹಿಡಿ ಎಂಬ ಪ್ರವೃತ್ತಿಗಳೆಲ್ಲ ನೀರಿನಲ್ಲಿ ತಿರುಗುಬಾಣ. ತಲೆ ಹಿಂದಕ್ಕೆ ಚೆಲ್ಲಿ, ಕಿವಿ ನೀರಿನೊಳಗೆ ಬಿಟ್ಟು, ಕೈಕಾಲು ಅಗಲಿಸಿ, ಹೊಟ್ಟೆ ಮೇಲೆ ಮಾಡಿ ಸುಮ್ಮನೆ ಮಲಗಬೇಕು ಎಂಬುದು ಮೊದಲ ಬಾರಿಗೆ ಮುಳುಗುತ್ತಿರುವ ಯಾರಿಗೂ ತಾನಾಗಿ ಹೊಳೆಯುವುದಿಲ್ಲ. ಅದನ್ನು ಮೊದಲೇ ಮೈಗೆ ಕಲಿಸಿರಬೇಕು. ಅರ್ಧ ಗಂಟೆಯಲ್ಲಿ ಬಾಯಲ್ಲಿ ವಿವರಿಸಬಹುದು. ಮೈ ಒಪ್ಪಲು ಎರಡು ಮೂರು ವಾರ ಹಿಡಿಯುತ್ತದೆ.

ಹಾಗಾಗಿ ‘ಈಜು ಬರುತ್ತದೆ’ ಎಂಬ ಮಾತಿನ ಅರ್ಥವನ್ನೇ ಸ್ವಲ್ಪ ಬದಲಿಸಿಕೊಳ್ಳಬೇಕು ಎನ್ನುವುದು ನನ್ನ ವಾದ. ನಮ್ಮಲ್ಲಿ ಈಜು ಎಂದರೆ ಒಂದೋ ಪದಕ, ಇಲ್ಲವೇ ಸಾಹಸ. ಸಾಹಸಕ್ಕೆ ನಮ್ಮಲ್ಲಿ ಕೊರತೆಯಿಲ್ಲ: ಅರುವತ್ತೈದರ ಪ್ರಾಯದಲ್ಲಿ ಕಾಲಿಗೆ ಸರಪಳಿ ಬಿಗಿದು ಪದ್ಮಾಸನದಲ್ಲಿ ಕಡಲಲ್ಲಿ ಈಜಿದ ಉಡುಪಿ ಕಡೆಕಾರಿನ ಗಂಗಾಧರ್ ಅವರಂಥವರಿದ್ದಾರೆ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ಕೆಂಪು ನೀರಿಗೆ ಧುಮುಕಿದ ಈಶ್ವರ ಮಲ್ಪೆ ಇದ್ದಾರೆ. ಅವರನ್ನು ನೋಡಿ ಕೈಮುಗಿಯೋಣ. ಆದರೆ ಐದನೆಯ ತರಗತಿಯ ಹುಡುಗಿಗೆ ಬೇಕಾದ ಈಜು ಬೇರೆಯೇ. ಅದರ ಅಳತೆಯನ್ನು ನಮ್ಮದೇ ಉಪಖಂಡದ ಬಾಂಗ್ಲಾದೇಶ ಹಾಕಿಕೊಟ್ಟಿದೆ. ಅಲ್ಲಿನ ಹಳ್ಳಿಗಳಲ್ಲಿ ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಊರಿನ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು, ಮೂರು ಸಂಗತಿ ಕಲಿಸಿದರು: 25 ಮೀಟರ್ ಈಜುವುದು, ಅರ್ಧ ನಿಮಿಷ ತೇಲುವುದು, ತಾನು ನೀರಿಗಿಳಿಯದೆ ಇನ್ನೊಬ್ಬರನ್ನು ಎಳೆಯುವುದು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಕಲಿತ ಮಕ್ಕಳು ಮುಳುಗಿ ಸಾಯುವ ಪ್ರಮಾಣ ಕಲಿಯದವರಿಗಿಂತ ಶೇ 90ಕ್ಕೂ ಹೆಚ್ಚು ಕಡಿಮೆ ಕಂಡುಬಂತು. ಲಸಿಕೆಯೊಂದು ಇಷ್ಟು ಕೆಲಸ ಮಾಡಿದ್ದರೆ ಅದಕ್ಕಾಗಿ ಆಸ್ಪತ್ರೆಯ ಮುಂದೆ ಸಾಲು ನಿಲ್ಲುತ್ತಿತ್ತು. ಅಲ್ಲಿ ಬಳಸಿದ್ದು ನೀಲಿ ಹೆಂಚಿನ ಕೊಳವಲ್ಲ, ನಮ್ಮ ಮದಗದಂಥದ್ದೇ ನೀರು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದೊಳಗಿನ ಮಗು ಈಜು ತರಗತಿಗೆ ಹೋಗಿಬಂದ ಮಾತ್ರಕ್ಕೆ ಅದರ ಮೇಲಿನ ಕಣ್ಣು ತೆಗೆಯಬಾರದು. ಆ ವಯಸ್ಸಿಗೆ ಬಚ್ಚಲಿನ ಬಕೆಟ್ಟೂ ಅಪಾಯವೇ.

ಕೊಳದಲ್ಲಿ ಕಲಿತವರು ಕಡಲಿಗೆ ಇಳಿಯಬಹುದೇ? ಇಲ್ಲಿ ನಮ್ಮ ನೀರುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತನಾಡಬೇಕು, ಏಕೆಂದರೆ ಪ್ರತಿಯೊಂದರ ಗುಣವೂ ಬೇರೆ.

ಕಡಲಿನಲ್ಲಿ ಕೊಲ್ಲುವುದು ಸಾಮಾನ್ಯವಾಗಿ ಅಲೆಯಲ್ಲ, ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ನೀರಿನಡಿಯ ಮರಳಿನ ದಿಬ್ಬದಲ್ಲಿ ಎಲ್ಲಿ ಕಂಡಿ ಇದೆಯೋ ಅಲ್ಲಿ ಅದು ಒಟ್ಟಾಗಿ ಹೊಳೆಯ ಹಾಗೆ ಕಡಲಿನತ್ತ ಹರಿಯುತ್ತದೆ. ಆ ಕಂಡಿಯಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ. ನೊರೆಯಿಲ್ಲದ, ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುವ ಜಾಗ. ಅಲೆಗೆ ಹೆದರುವ, ಮಕ್ಕಳನ್ನು ಕರೆದುಕೊಂಡು ಬಂದ ಜಾಗರೂಕ ಮನುಷ್ಯ ಆರಿಸುವುದು ಅದೇ ಜಾಗವನ್ನು! ಬಂಡೆಗಳ ಬದಿಯಲ್ಲಿ, ಕಡಲ್ಕೊರೆತಕ್ಕೆ ಹಾಕಿದ ತಡೆಗೋಡೆಗಳ ಪಕ್ಕದಲ್ಲಿ ಇಂಥ ಹರಿವು ಸುಲಭವಾಗಿ ಹುಟ್ಟುತ್ತದೆ. ಜೋರಾದ ಸೆಳೆತದ ವೇಗ ಸೆಕೆಂಡಿಗೆ ಎರಡೂವರೆ ಮೀಟರ್‌ವರೆಗೂ ಹೋಗಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರ್ ಫ್ರೀಸ್ಟೈಲನ್ನು 46.40 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ. ಲೆಕ್ಕ ಹಾಕಿದರೆ ಅವನ ವೇಗವೂ ಸೆಕೆಂಡಿಗೆ ಎರಡು ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಸೆಳೆತಕ್ಕೆ ಎದುರಾಗಿ ದಡದ ಕಡೆಗೆ ಈಜುವವನು ಸೋಲುವುದು ತೋಳಿನ ಬಲ ಕಡಿಮೆಯಾಗಿ ಅಲ್ಲ, ದಿಕ್ಕು ತಪ್ಪಿ. ಸೆಳೆತ ಒಯ್ದಷ್ಟು ದೂರ ತೇಲುತ್ತಾ ಹೋಗಿ, ಅದು ಸಡಿಲಾದ ಮೇಲೆ ದಡಕ್ಕೆ ಸಮಾನಾಂತರವಾಗಿ ಸರಿದು, ಅಲೆ ಒಡೆಯುವ ಕಡೆಯಿಂದ ಮರಳಬೇಕು. ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ತೇಲಲು ಬಲ್ಲವನಿಗೆ ಮಾತ್ರ ಈ ಜ್ಞಾನದಿಂದ ಉಪಯೋಗ.

ಹೊಳೆ ಕಡಲನ್ನು ಸೇರುವ ಅಳಿವೆ ಇನ್ನೊಂದು ಬಗೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡುವ ಬೆಂಗ್ರೆಯಿರಲಿ, ಶಾಂಭವಿ ಮತ್ತು ನಂದಿನಿ ಸೇರುವ ಸಸಿಹಿತ್ಲು ಇರಲಿ, ಸ್ವರ್ಣಾ ಮತ್ತು ಸೀತಾ ಸೇರುವ ಕೋಡಿಬೆಂಗ್ರೆ ಇರಲಿ, ನೋಡಲು ಕಣ್ಣಿಗೆ ಹಬ್ಬ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಗೆ ಧಾವಿಸುತ್ತವೆ. ದಿನಕ್ಕೆ ಎರಡು ಸಲ ಹೀಗಾಗುತ್ತದೆ. ಮೀನುಗಾರರ ಮನೆಯ ಮಕ್ಕಳಿಗೆ ಇದರ ಹೊತ್ತು ಗೊತ್ತು. ಬಸ್ಸಿನಿಂದ ಇಳಿದು ಬಂದ ಪ್ರವಾಸಿಗೆ ಅದನ್ನು ಹೇಳುವ ಫಲಕ ಎಷ್ಟು ಕಡೆ ಇದೆ?

ಕಿಂಡಿ ಅಣೆಕಟ್ಟುಗಳಿಗೆ ಮಳೆಗಾಲ ಮುಗಿದ ಮೇಲೆ ಹಲಗೆ ಹಾಕುತ್ತಾರೆ. ಹರಿಯುತ್ತಿದ್ದ ಹೊಳೆ ನಿಂತು, ಆಳ ಏರಿ, ಮೇಲ್ಮೈ ಕನ್ನಡಿಯಂತಾಗುತ್ತದೆ. ಕೆಂಪುಕಲ್ಲಿನ ಕೋರೆಗಳದ್ದು ಎಲ್ಲಕ್ಕಿಂತ ಕ್ರೂರ ರಚನೆ. ಯಂತ್ರದಿಂದ ಚೌಕಾಕಾರವಾಗಿ ಕೊರೆದ ಗುಂಡಿಗೆ ಇಳಿಜಾರು ದಡವೇ ಇರುವುದಿಲ್ಲ. ಕಾಲಿಟ್ಟ ಮೊದಲ ಹೆಜ್ಜೆಗೇ ಎರಡಾಳು ನೀರು, ಹಿಡಿಯಲು ಹೋದರೆ ಪಾಚಿ ಹಿಡಿದ ಲಂಬ ಗೋಡೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಸುರಿಯುವ ನಾಡಿನಲ್ಲಿ ಅಂಥ ಗುಂಡಿ ಒಂದೇ ಮಳೆಗಾಲದಲ್ಲಿ ಕೆರೆಯಾಗುತ್ತದೆ. ಕಲ್ಲು ತೆಗೆದವರು ಲಾರಿ ತುಂಬಿಸಿಕೊಂಡು ಹೋದರು, ಗುಂಡಿ ಮುಚ್ಚುವವರಿಲ್ಲ, ಬೇಲಿ ಹಾಕುವವರಿಲ್ಲ. ಇದು ಈಜು ಕಲಿಸಿ ಪರಿಹರಿಸುವ ಸಮಸ್ಯೆಯಲ್ಲ. ಪರವಾನಗಿ ಕೊಟ್ಟವರು ಬೇಲಿಗೂ ಹೊಣೆಯಾಗಬೇಕು.

ಈಜು ಕಲಿತವರೂ ಮುಳುಗುತ್ತಾರೆ, ಹಾಗಾದರೆ ಕಲಿತು ಏನು ಫಲ ಎಂದು ಕೇಳುವವರಿದ್ದಾರೆ. ಹದಿಹರೆಯದ ಹುಡುಗರಲ್ಲಿ ಅತಿಯಾದ ಆತ್ಮವಿಶ್ವಾಸ ಇದೆಯೆಂಬುದು ನಿಜ. ಕೊಳದಲ್ಲಿ ನಾಲ್ಕು ಸುತ್ತು ಹೊಡೆದವನು ಆಟಿ ತಿಂಗಳ ಮಳೆಗಾಲದ ಕಡಲಿಗೂ ಸವಾಲು ಹಾಕಬಲ್ಲ. ಆದ್ದರಿಂದ ಕೈಕಾಲಿನ ಪಾಠದ ಜೊತೆಗೆ ನೀರು ಓದುವ ಪಾಠ ಇರಲೇಬೇಕು. ಮಲ್ಪೆಯಲ್ಲಿ ಮಳೆಗಾಲದಲ್ಲಿ ಕಿನಾರೆಯುದ್ದಕ್ಕೂ ಬಲೆ ಕಟ್ಟಿ ತಡೆಯುತ್ತಾರೆ, ಮಂಗಳೂರಿನ ಕಿನಾರೆಗಳಲ್ಲಿ ಗೃಹರಕ್ಷಕರನ್ನು ನಿಲ್ಲಿಸುತ್ತಾರೆ. ಜೂನ್ ಒಂದರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಬಲೆ ದಾಟಿ ಒಳಹೋಗಲು ಸಿಳ್ಳೆ ಹೊಡೆಯುವವನ ಜೊತೆ ಜಗಳಕ್ಕೆ ನಿಲ್ಲುವವರಲ್ಲಿ ಈಜು ಬಲ್ಲವರನ್ನು ನಾನು ಕಂಡದ್ದು ಕಡಿಮೆ. ನೀರು ಎಷ್ಟು ಭಾರ, ಅದರಲ್ಲಿ ತನ್ನ ತೋಳು ಎಷ್ಟು ಬೇಗ ಸೋಲುತ್ತದೆ ಎಂದು ಒಮ್ಮೆ ಮೈಯಾರೆ ಅರಿತವನು ಬಲೆಯ ಈಚೆಗೇ ನಿಲ್ಲುತ್ತಾನೆ.

ಇನ್ನು ರಕ್ಷಣೆಯ ವಿಷಯ. ಸೋಮೇಶ್ವರದ ಕೊಳದಲ್ಲಿ ಆದದ್ದು ಬಿಡಿ ಘಟನೆಯಲ್ಲ. ‘ರಕ್ಷಿಸಲು ಹೋದ ಇನ್ನಿಬ್ಬರೂ’ ಎಂಬುದು ನಮ್ಮ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಅಪ್ಪಿ ಮೇಲೇರುತ್ತಾನೆ. ಅಲ್ಲಿ ಅಣ್ಣ, ತಮ್ಮ, ಗೆಳತಿ ಎಂಬ ಭೇದವಿಲ್ಲ. ಒಳ್ಳೆಯ ಈಜುಗಾರನನ್ನೂ ಆ ಅಪ್ಪುಗೆ ಮುಳುಗಿಸಬಲ್ಲುದು. ಆದ್ದರಿಂದ ಬಾಂಗ್ಲಾದೇಶದ ಮೂರನೆಯ ಪಾಠ ಬಹಳ ದೊಡ್ಡದು. ದಡದಲ್ಲಿ ಮಲಗಿಕೊಂಡು ಕೋಲು, ದೋಟಿ, ಏಣಿ ಚಾಚಬಹುದು. ಸೀರೆಯೋ ಚೂಡಿದಾರದ ಶಾಲೋ ಎಸೆಯಬಹುದು. ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನ್ ಒಬ್ಬ ಮನುಷ್ಯನ ತಲೆಯನ್ನು ನೀರಿನ ಮೇಲೆ ಇಡಲು ಸಾಕು. ಪ್ರತಿಯೊಂದು ತೋಟದ ಕೆರೆಯ ಬದಿಯಲ್ಲಿ ಹಗ್ಗ ಕಟ್ಟಿದ ಒಂದು ಕ್ಯಾನ್ ನೇತುಹಾಕಲು ಯಾವ ಇಲಾಖೆಯ ಅನುದಾನವೂ ಬೇಡ.

ಮೇಲೆತ್ತಿದ ನಂತರ ಏನು ಮಾಡಬೇಕು ಎಂಬುದರಲ್ಲೂ ನಾವು ಹಿಂದಿದ್ದೇವೆ. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಇನ್ನೂ ನಡೆಯುತ್ತಿದೆ. ವಾಟ್ಸ್‌ಆ್ಯಪ್ ಸಂದೇಶ ನಂಬಿ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹೂತಿಟ್ಟು ಕಾದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ವರದಿಯಾಗಿವೆ. ಆ ತಂದೆತಾಯಿಯರ ಮೇಲೆ ಸಿಟ್ಟು ಬರುವುದಿಲ್ಲ, ಹೊಟ್ಟೆ ಕಿವುಚುತ್ತದೆ. ಉಸಿರು ನಿಂತು ನಾಲ್ಕಾರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ: ಬಾಯಿಗೆ ಬಾಯಿಟ್ಟು ಉಸಿರು ಊದುವುದು, ಅದರ ಜೊತೆಗೆ ಎದೆಯ ನಡುವೆ ಗಟ್ಟಿಯಾಗಿ, ವೇಗವಾಗಿ ಒತ್ತುತ್ತಾ ಇರುವುದು, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸದಿರುವುದು. ಇಷ್ಟು ವೈದ್ಯಕೀಯ ಕಾಲೇಜುಗಳಿರುವ ಮಂಗಳೂರು, ಮಣಿಪಾಲದಲ್ಲಿ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಲು ಜನರಿಗೆ ಬರವಿಲ್ಲ.

ಆರೋಗ್ಯದ ಲಾಭಗಳನ್ನು ನಾನು ಬೇಕೆಂದೇ ಹಿಂದಕ್ಕೆ ಇಟ್ಟೆ, ಏಕೆಂದರೆ ಈಜಿನ ಬಗ್ಗೆ ಬರುವ ಲೇಖನಗಳೆಲ್ಲ ಅಲ್ಲಿಂದಲೇ ಶುರುವಾಗಿ ಅಲ್ಲಿಗೇ ಮುಗಿಯುತ್ತವೆ. ಲಾಭ ಇದೆ. ಎದೆಮಟ್ಟದ ನೀರಿನಲ್ಲಿ ನಿಂತರೆ ಮೊಣಕಾಲಿನ ಮೇಲಿನ ಭಾರ ಅರ್ಧಕ್ಕಿಂತ ಬಹಳ ಕೆಳಗೆ ಇಳಿಯುತ್ತದೆ; ಗಂಟುನೋವಿನಿಂದ ನಡೆಯಲಾಗದವರೂ ನೀರಿನಲ್ಲಿ ಬೆವರುವಷ್ಟು ವ್ಯಾಯಾಮ ಮಾಡಬಹುದು. ಅಮೆರಿಕದಲ್ಲಿ 50 ದಾಟಿದ 43 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12 ವಾರ ಈಜಿದ ಗುಂಪಿನವರ ರಕ್ತದೊತ್ತಡದ ಮೇಲಿನ ಅಂಕಿ (ಸಿಸ್ಟಾಲಿಕ್) ಸರಾಸರಿ 131ರಿಂದ 122ಕ್ಕೆ ಇಳಿಯಿತು. ಗುಂಪು ಸಣ್ಣದು, ಆದರೂ ಕಡೆಗಣಿಸುವಂಥದ್ದಲ್ಲ. ಮೂಳೆ ಗಟ್ಟಿಯಾಗಬೇಕೆಂದರೆ ಮಾತ್ರ ಈಜು ಸಾಲದು, ನೆಲದ ಮೇಲೆ ಭಾರ ಹೊತ್ತು ನಡೆಯಲೇಬೇಕು. ನಮ್ಮ ಸೆಕೆಯಲ್ಲಿ ಕಿವಿಯೊಳಗೆ ನೀರು ನಿಂತರೆ ಸೋಂಕು ಬೇಗ. ಕ್ಲೋರಿನ್ ಘಾಟು ಕೆಲವು ಉಬ್ಬಸದವರಿಗೆ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲಿ ಕಲಿಯುವುದು? ಮಂಗಳೂರಿನಲ್ಲಿ ಲೇಡಿಹಿಲ್ ಬಳಿ ಪಾಲಿಕೆಯ ಮಂಗಳಾ ಈಜುಕೊಳ ಇದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಎಮ್ಮೆಕೆರೆಯಲ್ಲಿ ಕಟ್ಟಿದ 50 ಮೀಟರ್ ಉದ್ದದ ಅಂತರರಾಷ್ಟ್ರೀಯ ಮಟ್ಟದ ಕೊಳ 2023ರ ನವೆಂಬರ್‌ನಲ್ಲಿ ತೆರೆಯಿತು, ಆಗಲೇ ಅಲ್ಲಿ ರಾಷ್ಟ್ರಮಟ್ಟದ ಮಾಸ್ಟರ್ಸ್ ಈಜು ಸ್ಪರ್ಧೆಯೂ ನಡೆಯಿತು. ಉಡುಪಿಯ ಅಜ್ಜರಕಾಡಿನಲ್ಲಿ ಒಂದಿದೆ. ಪೇಟೆಯ ಮಧ್ಯಮ ವರ್ಗದ ಮಗುವಿಗೆ ದಾರಿ ಇದೆ ಎನ್ನೋಣ. ಬೆಳ್ತಂಗಡಿಯ, ಹೆಬ್ರಿಯ, ಬೈಂದೂರಿನ ಸರ್ಕಾರಿ ಶಾಲೆಯ ಮಗು ಎರಡು ಬಸ್ಸು ಹಿಡಿದು ಎಮ್ಮೆಕೆರೆಗೆ ಬರುವುದಿಲ್ಲ. ಕೋರೆ ಇರುವುದು ಆ ಮಗುವಿನ ದಾರಿಯಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಉಡುಪಿಯಲ್ಲಿ ಮನೆಯೊಳಗೇ ನೀರು ನುಗ್ಗಿದಾಗ ‘ನಾನು ಕಡಲಿಗೆ ಹೋಗುವವನಲ್ಲ’ ಎಂಬ ಮಾತೂ ಅರ್ಥ ಕಳೆದುಕೊಂಡಿತು.

ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಮಗು ಪ್ರಾಥಮಿಕ ಶಾಲೆ ಬಿಡುವ ಹೊತ್ತಿಗೆ 25 ಮೀಟರ್ ಈಜಬೇಕು, ನೀರಿನಲ್ಲಿ ತನ್ನನ್ನು ತಾನು ಉಳಿಸಿಕೊಳ್ಳುವುದನ್ನು ತಿಳಿದಿರಬೇಕು ಎಂದಿದೆ. ನಾವು ಶಾಲೆಗೊಂದು ಕೊಳ ಕಟ್ಟಲಾರೆವು, ಕಟ್ಟಿದರೂ ಎರಡನೆಯ ವರ್ಷ ಪಂಪು ಕೆಡುತ್ತದೆ, ಮೂರನೆಯ ವರ್ಷ ಕಪ್ಪೆ ವಾಸ. ಆದರೆ ಹೋಬಳಿಗೆ ಒಂದು ಒಳ್ಳೆಯ ಕೆರೆಯನ್ನು ಆರಿಸಿ, ಹೂಳೆತ್ತಿ, ಒಂದು ಬದಿಗೆ ಎದೆಮಟ್ಟದ ಅಟ್ಟಣೆ ಹಾಕಿ, ಫೆಬ್ರವರಿ ಮಾರ್ಚ್‌ನಲ್ಲಿ ಐದನೆಯ ತರಗತಿಯವರಿಗೆ ಮೂರು ವಾರ ಕಲಿಸುವುದು ಅಸಾಧ್ಯವೇನಲ್ಲ. ಕಲಿಸಲು ಊರಿನ ಮೀನುಗಾರ ಸಮುದಾಯಗಳ ಮೊಗವೀರ, ಖಾರ್ವಿ ಯುವಕರಿದ್ದಾರೆ. ಅವರಿಗೆ ಕಲಿಸುವ ಕ್ರಮ ಮತ್ತು ಒಂದು ಸಂಬಳ ಬೇಕು. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಪ್ರವಾಸಕ್ಕೆ ಬಂದು ಮುರ್ಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಅಮಾನತು, ಪರಿಹಾರ, ಕೆಲವು ದಿನ ಕಿನಾರೆಗೆ ಬೀಗ, ಎಲ್ಲವೂ ನಡೆಯಿತು. ಕಡಲನ್ನೇ ಕಾಣದ ಜಿಲ್ಲೆಗಳಿಂದ ವರ್ಷವರ್ಷವೂ ಬಸ್ಸುಗಟ್ಟಲೆ ಮಕ್ಕಳು ನಮ್ಮ ಕಿನಾರೆಗೆ ಬರುತ್ತಾರೆ. ಬಸ್ಸಿನಲ್ಲೇ ಹತ್ತು ನಿಮಿಷ ನಿಲ್ಲಿಸಿ ಸೆಳೆತ ಎಂದರೇನೆಂದು ಹೇಳುವ ಏರ್ಪಾಡನ್ನಾದರೂ ನಮ್ಮ ಕರಾವಳಿಯ ಜಿಲ್ಲೆಗಳು ಮಾಡಬಹುದಿತ್ತು.

ಹೆಣ್ಣುಮಕ್ಕಳ ವಿಷಯ ಪ್ರತ್ಯೇಕವಾಗಿ ಹೇಳಬೇಕು. ತೋಟದ ಕೆರೆಯ ಕಾಲದಲ್ಲೂ ಅಕ್ಕತಂಗಿಯರು ದಡದಲ್ಲಿ ಬಟ್ಟೆ ಒಗೆಯುತ್ತಿದ್ದರು, ಅಣ್ಣತಮ್ಮಂದಿರು ಈಜುತ್ತಿದ್ದರು. ಇಂದಿಗೂ ಹತ್ತು ವರ್ಷ ದಾಟಿದ ಹುಡುಗಿಗೆ ಉಡುಪು, ಸಮಯ, ಕಲಿಸುವವರು ಯಾರು ಎಂಬ ಮೂರು ಪ್ರಶ್ನೆಗಳು ಎದುರಾಗುತ್ತವೆ. ಮೂರಕ್ಕೂ ಉತ್ತರ ಕಷ್ಟದ್ದಲ್ಲ: ಮೈತುಂಬ ಮುಚ್ಚುವ ಈಜುಡುಗೆ ಒಪ್ಪುವುದು, ಮಹಿಳೆಯರಿಗೆಂದೇ ಒಂದು ಹೊತ್ತು, ಮಹಿಳಾ ತರಬೇತುದಾರರು. ಆ ಹೊತ್ತನ್ನು ಮಧ್ಯಾಹ್ನದ ಸುಡುಬಿಸಿಲಿಗೆ ತಳ್ಳಿ, ಆಮೇಲೆ ‘ಯಾರೂ ಬರುವುದಿಲ್ಲ’ ಎಂದು ರದ್ದುಮಾಡುವ ಜಾಣತನ ಮಾತ್ರ ಬೇಡ.

ನನ್ನ ಚಿಕ್ಕಮ್ಮ ಮೊಣಕಾಲು ನೋವಿಗೆಂದು ಐವತ್ತೆರಡನೆಯ ವಯಸ್ಸಿನಲ್ಲಿ ಕೊಳಕ್ಕೆ ಸೇರಿದರು. ಮೊದಲ ವಾರ ಕಂಬಿ ಬಿಡಲಿಲ್ಲ. ಎರಡನೆಯ ವಾರ ಕಲಿಸುವ ಹುಡುಗಿ ತಲೆಯ ಕೆಳಗೆ ಎರಡು ಬೆರಳು ಇಟ್ಟು ಮಲಗಿಸಿದಳು. ಮೂರನೆಯ ವಾರ ಬೆರಳು ತೆಗೆದದ್ದು ತನಗೆ ಗೊತ್ತಾಗಲಿಲ್ಲ ಎಂದು ಚಿಕ್ಕಮ್ಮ ಊರಿಗೆಲ್ಲ ಫೋನು ಮಾಡಿ ಹೇಳಿದರು. ಮೂವತ್ತು ವರ್ಷ ತೋಟದ ಕೆರೆಯ ಕಟ್ಟೆಯ ಮೇಲೆ ಸೋಗೆ ಎಳೆಯುತ್ತಾ ಓಡಾಡಿದವರು ಅವರು. ‘ಈಗ ಆ ಕಟ್ಟೆಯ ಮೇಲೆ ನಡೆಯಲು ಹೆದರಿಕೆಯಾಗುತ್ತದೆ. ಇಷ್ಟು ವರ್ಷ ಹೇಗೆ ನಡೆದೆನೋ’ ಎನ್ನುತ್ತಾರೆ. ಕಳೆದ ಬಾರಿ ಹೋದಾಗ ಕೆರೆಯ ಬದಿಯ ತೆಂಗಿನ ಮರಕ್ಕೆ ಹಳದಿ ಕ್ಯಾನೊಂದು ಹಗ್ಗದಲ್ಲಿ ನೇತಾಡುತ್ತಿತ್ತು. ಕೆಲಸದವರು ನೀರು ತುಂಬಿಸಲು ಅದನ್ನು ಬಿಚ್ಚಿಕೊಂಡು ಹೋಗುತ್ತಾರೆಂದು ಚಿಕ್ಕಮ್ಮನಿಗೆ ದಿನವೂ ಜಗಳ.